ಹೊನ್ನವ್ವನ ಎಡಗಾಲು

ಗೋವಿಂದರಾಜನಗರದಲ್ಲಿ ಹೊನ್ನವ್ವನ ಜೋಳದ ರೊಟ್ಟಿ ತಿಂದವರು ಬೇಕಾದಷ್ಟು ಜನ. ಅವಳ ಎಡಗಾಲು ನೋಡಿದವರು ಒಬ್ಬರೂ ಇಲ್ಲ. ಮಣೆಯ ಮೇಲೆ ಕೂತು ರೊಟ್ಟಿ ಬಡಿಯುವಾಗಲೂ ಅದು ಸೀರೆಯೊಳಗೇ. ಹಬ್ಬಕ್ಕೆ ಯಾರಾದರೂ ನಮಸ್ಕಾರಕ್ಕೆ ಬಗ್ಗಿದರೆ ಆಮೆಯ ಹಾಗೆ ಕಾಲು ಎಳೆದುಕೊಂಡು, "ನೆಲಕ್ಕ ಮುಟ್ಟು, ಅಲ್ಲಿಂದನ ನನಗ ಬರತೈತಿ" ಎನ್ನುತ್ತಿದ್ದಳು. ಸ್ವಂತ ಸೊಸೆ ಮದುವೆಯ ದಿನ ನಮಸ್ಕಾರ ಮಾಡಿದ್ದೂ ನೆಲಕ್ಕೇ. ರೊಟ್ಟಿಯವಳಿಗೆ ಎಷ್ಟು ಬಿಂಕ ಎಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ, ಬೀದಿಗೆ ಬೇರೆ ಕೆಲಸವೇನು?

ಗುಟ್ಟು ಹೊರಬಿದ್ದದ್ದು ೨೦೦೭ರಲ್ಲಿ, ಮನೆ ಓನರ್ ಜಗದಾಂಬಾ ಅವರ ಮಗಳು ಶರಣ್ಯಾ ದಕ್ಷಿಣ ಸುಡಾನಿಗೆ ಹೊರಟ ದಿನ. ಶರಣ್ಯಾ ನರ್ಸು. ಕುಡಿಯುವ ನೀರಿನಿಂದ ಹರಡುವ ನಾರುಹುಣ್ಣನ್ನು ಅಲ್ಲಿನ ಹಳ್ಳಿಗಳಿಂದ ಬೇರುಸಹಿತ ಕೀಳುವ ತಂಡಕ್ಕೆ ಸೇರಿದ್ದಳು. ಆ ನಾಡಿನಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದವಾಗಿತ್ತು. ಬಂದೂಕುಗಳು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಿರಿಯರಿಗೆಲ್ಲ ನಮಸ್ಕರಿಸುತ್ತ ಬಂದ ಹುಡುಗಿ, ಹೊನ್ನವ್ವ ಎಚ್ಚೆತ್ತುಕೊಳ್ಳುವ ಮೊದಲೇ ಎಡಪಾದ ಹಿಡಿದುಬಿಟ್ಟಳು. ಪಾದದ ಮೇಲೆ ಸುಕ್ಕುಗಟ್ಟಿದ ಹಳೆಯ ಕಲೆಯಿತ್ತು.

"ಆಂಟಿ, ಇದು ನಾರುಹುಣ್ಣಲ್ವಾ?"

ಹೊನ್ನವ್ವ ಅತ್ತೇಬಿಟ್ಟಳು. ಲಿಂಗಸುಗೂರಿನ ಕಡೆಯ ಹಳ್ಳಿಯಲ್ಲಿ ಚಿಕ್ಕವಳಿದ್ದಾಗ ಅವಳ ಪಾದದಿಂದ ದಾರದಂಥ ಹುಳು ಹೊರಬಂದಿತ್ತು. ದೇವಿಯ ಸಿಟ್ಟು ಎಂದು ಊರು ತೀರ್ಮಾನಿಸಿತು. ಉರಿ ತಾಳದೆ, ಎಲ್ಲರೂ ಮಾಡುವಂತೆ, ಕಾಲು ಅದ್ದಲು ಮೆಟ್ಟಿಲುಬಾವಿಗೆ ಇಳಿಯುತ್ತಿದ್ದವಳನ್ನು ತಡೆದವನು ಆರೋಗ್ಯ ಇಲಾಖೆಯ ಈರಪ್ಪ. ಹುಳು ನೀರಿನಲ್ಲಿ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ಬರುವ ವರ್ಷ ಇದೇ ಹುಣ್ಣು ಎಂದು ತಿಳಿಹೇಳಿದ. ದಿನಾ ಬಿಸಿಲಲ್ಲಿ ನಡೆದು ಬಂದು ಹುಳುವನ್ನು ಕಡ್ಡಿಗೆ ಸುತ್ತುತ್ತ ಸುತ್ತುತ್ತ ಪೂರ್ತಿ ತೆಗೆದ ಪುಣ್ಯಾತ್ಮ. ಅವ್ವ ಮಗಳನ್ನು ಅವನ ಕಾಲಿಗೆ ಬೀಳಿಸಲು ಹೋದರೆ ಹಿಂದೆ ಸರಿದು, "ನನ್ನ ಕಾಲು ಬಿಡ ತಂಗಿ, ನಿನ್ನ ಕಾಲು ನೀರಿಗಿಳಿಸಬ್ಯಾಡ, ಅಷ್ಟ ಸಾಕು" ಎಂದಿದ್ದ. ಊರು ಬಟ್ಟೆಯಲ್ಲಿ ನೀರು ಸೋಸಿ ಕುಡಿಯಲು ಕಲಿಯಿತು. ಹುಣ್ಣು ಊರು ಬಿಟ್ಟಿತು. ನಾಚಿಕೆ ಮಾತ್ರ ಹೊನ್ನವ್ವನನ್ನು ಬಿಡಲಿಲ್ಲ.

ಕೆಲವು ತಿಂಗಳ ಮೇಲೆ ಶರಣ್ಯಾಳ ಫೋನು ಬಂತು.

"ಆಂಟಿ, ಇಲ್ಲಿ ನ್ಯಾಕೋರ್ ಅಂತ ಒಬ್ಳು ಹುಡುಗಿ ಇದಾಳೆ. ಕಾಲುರಿ, ಕೆರೆಗೆ ಇಳೀತೀನಿ ಅಂತ ಹಟ. ಇಡೀ ಊರು ಕುಡಿಯೋದು ಅದೇ ನೀರು. ಈ ರೋಗ ಬಿಟ್ಟುಹೋದ ಊರನ್ನ ಯಾರು ನೋಡಿದಾರೆ ಅಂತ ಅವಳಮ್ಮ ಕೇಳ್ತಾರೆ. ಗುಂಡಿನ ಗಲಾಟೆ ಶುರುವಾದ್ರೆ ನಾವು ಜಾಗ ಖಾಲಿ ಮಾಡ್ಬೇಕು. ನಿಮ್ಮೂರಿನ ಕತೆ ಹೇಳಿದ್ರೂ ನಂಬ್ತಿಲ್ಲ. ನಿಮ್ಮ ಕಾಲಿನ ಫೋಟೋ ಕಳಿಸ್ತೀರಾ?"

ಹೊನ್ನವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಆದರೆ ಅವತ್ತು ಹೆಂಚಿನ ಮೇಲೆ ರೊಟ್ಟಿಗಳು ಸೀದುಹೋದವು. ಬಿಸಿಲು ಜಾಸ್ತಿ ಎಂದು ಈರಪ್ಪ ಮನೆಯಲ್ಲೇ ಕೂತಿದ್ದರೆ ತನ್ನ ಗತಿ ಏನಾಗುತ್ತಿತ್ತು? ಒಲೆ ಆರಿಸಿ, ಪಕ್ಕದ ಬಡಾವಣೆ ವಿಜಯನಗರದ ಮುತ್ತುರಾಜನ ಫೋಟೋ ಸ್ಟುಡಿಯೋಗೆ ನಡೆದಳು.

"ಮುಖಕ್ಕೆ ಸ್ವಲ್ಪ ಪೌಡರ್ ಹಾಕ್ಕೊಳಿ ಆಂಟಿ," ಎಂದ ಮುತ್ತುರಾಜ.

"ಮುಖ ಯಾರಿಗ್ ಬೇಕಪ್ಪಾ? ಕಾಲಿಂದು ತಗಿ."

ಅವನು ಕಕ್ಕಾಬಿಕ್ಕಿಯಾಗಿ ಕ್ಯಾಮೆರಾವನ್ನು ಕಾಲಿನ ಕಡೆಗೆ ಇಳಿಸಿದ. ಇನ್ನೇನು ಒತ್ತಬೇಕು, ಹೊನ್ನವ್ವ ತಡೆದಳು. "ತಡಿ. ಮುಖಾನೂ ಬರಲಿ. ಈ ಕಾಲಿನಾಕಿ ಆರಾಮ ಅದಾಳ ಅಂತ ಅವರಿಗೆ ಗೊತ್ತಾಗಬೇಕು." ಪೌಡರನ್ನೂ ಹಾಕಿಸಿಕೊಂಡಳು. ಫೋಟೋ ಅವತ್ತೇ ಸೈಬರ್ ಸೆಂಟರಿನಿಂದ ಹೋಯಿತು.

ಮರುವರ್ಷ ಶರಣ್ಯಾ ಊರಿಗೆ ಬಂದವಳು ಮೊದಲು ಬಂದದ್ದು ರೊಟ್ಟಿಯ ಒಲೆಯ ಹತ್ತಿರ.

"ನ್ಯಾಕೋರ್ ಕೆರೆಗೆ ಇಳೀಲಿಲ್ಲ ಆಂಟಿ. ಗಲಾಟೆಯಾಗಿ ನಾವು ಓಡಿಬಂದ ಮೇಲೂ ಅವಳಮ್ಮ ನಿಮ್ಮ ಫೋಟೋ ಹಿಡ್ಕೊಂಡು ದಡದಲ್ಲಿ ಕಾವಲು ಕೂತಿದ್ರಂತೆ. ಹುಣ್ಣಿದ್ದೋರು ಯಾರು ಬಂದ್ರೂ ಇಳಿಯೋಕೆ ಬಿಡ್ಲಿಲ್ಲ. ಈ ವರ್ಷ ಆ ಊರಲ್ಲಿ ಒಬ್ರಿಗೂ ಹುಣ್ಣಿಲ್ಲ."

ಹೊನ್ನವ್ವನ ಹೊಟ್ಟೆಗೆ ಹಾಲು ಎರೆದಂತಾಯಿತು. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಶರಣ್ಯಾ ಈ ಸಲ ಅವಳ ರೂಢಿ ನೆನಪಿಟ್ಟುಕೊಂಡು ನೆಲ ಮುಟ್ಟಲು ಬಗ್ಗಿದಳು. ಹೊನ್ನವ್ವ ಸೀರೆ ಸರಿಸಿ ಎಡಗಾಲನ್ನು ಮುಂದೆ ಚಾಚಿದಳು.

"ನೆಲಕ್ಯಾಕವ್ವಾ? ಇಲ್ಲಿ ಮುಟ್ಟು. ಇಲ್ಲಿಂದನ ಈರಪ್ಪಗ ಹೋಗತೈತಿ."