ಅರಿಷಿಣ ಮೆತ್ತಿದ ಆರಿ ಮಷೀನ್

ನನ್ನ ಗಂಡ ತೀರಿಕೊಂಡ ಎಂಟು ತಿಂಗಳಿಗೆ ದಸರಾ ಬಂತು. ಆ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಅವರ ಆರಿ ಮಷೀನಿಗೆ ಮನೆಯವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ.

ಆರಿ ಮಷೀನ್ ಎಂದರೆ ಬ್ಯಾಟರಿ ಗರಗಸ. ಬ್ಲೇಡು ಹಿಂದೆ ಮುಂದೆ ಓಡಾಡುತ್ತ ಕೊಯ್ಯುತ್ತದೆ. ವೈರ್ ಬೇಡ, ಹೊಲದ ನಡುವೆಯೂ ನಡೆಯುತ್ತದೆ. ಬರ ಬಿದ್ದ ಆ ವರ್ಷಗಳಲ್ಲಿ ಔರಾದ ಸುತ್ತ ಅದಕ್ಕೆ ಪುರಸೊತ್ತೇ ಇರಲಿಲ್ಲ. ಬೋರ್‌ವೆಲ್ ಬತ್ತಿದವರು ಮೋಟರು, ಪೈಪು ಮೇಲೆತ್ತಿ ಮಾರಿ, ಹೈದರಾಬಾದಿಗೋ ಪುಣೆಗೋ ಹೊರಡುತ್ತಿದ್ದರು. ತುಕ್ಕು ಹಿಡಿದ ಪೈಪು ಬಿಚ್ಚಲು ಬರುತ್ತಿರಲಿಲ್ಲ, ಕೊಯ್ಯಲೇಬೇಕು. ಎಕಂಬಾ, ಡಾಬಕಾ ಕಡೆಯಿಂದ ಫೋನು ಬಂದರೆ ನಾವಿಬ್ಬರೂ ಹೋಗುತ್ತಿದ್ದೆವು. ಅವರು ಮಷೀನು ಹಿಡಿದರೆ ನಾನು ಪೈಪಿನ ಇನ್ನೊಂದು ತುದಿ ಹಿಡಿಯುತ್ತಿದ್ದೆ. ಒಳಗಿಂದ ಕರೀ ರಾಡಿ ಸುರಿದು ಕೊಳೆತ ತತ್ತಿಯಂಥ ನಾತ ಹೊಡೆಯುತ್ತಿತ್ತು. ಆ ನಾತಕ್ಕೆ ನನಗೆ ಎಂದೂ ಹೇಸಿಗೆ ಆಗಿರಲಿಲ್ಲ.

ಬ್ಲೇಡು ಕೊಳ್ಳಲು ಬೀದರಿಗೆ ಹೋಗಬೇಕು. ಅಂಗಡಿಯವರು ಅಗ್ಗದ್ದನ್ನೇ ಮುಂದೆ ತಳ್ಳುತ್ತಿದ್ದರು. ಇವರು ಒಂದೊಂದನ್ನೂ ಬಗ್ಗಿಸಿ ನೋಡುತ್ತಿದ್ದರು. ಬಾಗಿದ್ದು ತಾನಾಗಿ ನೆಟ್ಟಗಾಗಬೇಕು. ಆಮೇಲೆ ಉಗುರಿಡುತ್ತ ಒಂದು ಇಂಚಿನ ಹಲ್ಲು ಎಣಿಸಲು ನನಗೆ ಕೊಡುತ್ತಿದ್ದರು. ಒಣ ಬೇವಿನ ಕೊಂಬೆಗೆ ಆರು ಹಲ್ಲಿನದು. ಮೊಳೆ ಇರುವ ಹಳೆ ಚೌಕಟ್ಟಿಗೆ ಹತ್ತು. ಬೋರಿನ ಪೈಪಿಗೆ ಹದಿನೆಂಟು, ತೆಳುವಾದದ್ದಕ್ಕೆ ಇಪ್ಪತ್ತನಾಲ್ಕು. ಪೈಪಿನ ದಪ್ಪದೊಳಗೆ ಎರಡು ಮೂರು ಹಲ್ಲಾದರೂ ಕೂಡಬೇಕು, ಒಂದೇ ಹಲ್ಲು ಕೂತರೆ ಅದು ಸಿಕ್ಕಿಕೊಂಡು ಮುರಿಯುತ್ತದೆ ಎಂದು ಹೇಳಿಕೊಟ್ಟಿದ್ದರು. ನಾನು ಏಳನೆಯ ಇಯತ್ತೆ ಕಲಿತವಳು. ಸಾಲೆಯ ಲೆಕ್ಕ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ದಿನಾ ಕೆಲಸ ಮುಗಿದ ಮೇಲೆ ಬ್ಲೇಡು ಸಿಕ್ಕಿಸುವ ಬಾಯಿಯನ್ನು ಒಣ ಬ್ರಷಿನಿಂದ ತಿಕ್ಕಿ ಪುಡಿ ತೆಗೆಯುವುದು ನನ್ನ ಪಾಲಿನದು. ಎಣ್ಣೆ ಹಾಕಬಾರದು, ಎಣ್ಣೆಗೆ ಪುಡಿ ಕೂಡಿದರೆ ಅಂಟಾಗಿ ಬಾಯಿ ಕಚ್ಚಿಕೊಳ್ಳುತ್ತದೆ. ಬಿಸಿ ಬ್ಯಾಟರಿಯನ್ನು ಆರಿಸಿಯೇ ಚಾರ್ಜಿಗೆ ಇಡಬೇಕು. ನೀರಂತೂ ಹತ್ತಿರ ಸುಳಿಯಬಾರದು.

ಹೀಗಾಗಿ ಖಂಡೇಪೂಜೆಯಲ್ಲಿ ಅವರು ಸವೆದ ಬ್ಲೇಡೊಂದನ್ನು ಮಾತ್ರ ಮಣೆಯ ಮೇಲಿಟ್ಟು ಮಷೀನನ್ನು ಕಪಾಟಿನಲ್ಲಿ ಬಚ್ಚಿಡುತ್ತಿದ್ದರು. ದೇವರ ಹತ್ತಿರವೂ ಕಳ್ಳಾಟವೇನೋ ಎಂದು ಅತ್ತೆ ಬೈದರೆ, ದೇವರಿಗೆ ಇದರ ಗ್ಯಾರಂಟಿ ಕಾರ್ಡು ಓದಿ ಹೇಳಿದ್ದೇನೆ ಎಂದು ನಗುತ್ತಿದ್ದರು.

ಆ ವರ್ಷ ಭಾಲ್ಕಿಯಿಂದ ಮೈದುನ ಬಂದಿದ್ದ. ಅಲ್ಲಿ ಮನೆ ಕಟ್ಟುವ ಗೌಂಡಿ ಕೆಲಸ ನಿಂತಿತ್ತು. ಹಬ್ಬ ಮುಗಿಸಿ ಪುಣೆಗೆ ಹೊರಡುವವನು, ಅಣ್ಣನ ಮಷೀನನ್ನೂ ಒಯ್ಯುವವನಿದ್ದ. ನನ್ನನ್ನು ಯಾರೂ ಕೇಳಲಿಲ್ಲ. ಮಷೀನು ಹೋದರೆ ನಾನೂ ಮಗಳನ್ನು ಕಟ್ಟಿಕೊಂಡು ಯಾವುದೋ ಊರಿನ ಇಟ್ಟಿಗೆ ಭಟ್ಟಿಗೆ ಹೋಗಬೇಕು. ಮಷೀನು ಉಳಿದರೆ ನಾನು ಔರಾದದಲ್ಲಿ ಉಳಿಯುತ್ತೇನೆ. ನನಗೆ ಇದ್ದದ್ದು ಇಷ್ಟೇ.

ಪೂಜೆಯ ಮುಂಜಾನೆ ಅವನು ಮಷೀನನ್ನು ಬ್ಯಾಟರಿ ಸಮೇತ ಮಣೆಯ ಮೇಲಿಟ್ಟ. ಬ್ಯಾಟರಿ ತೆಗೆದಿಡು ಎಂದು ಹೇಳಲು ನಾನು ಹೊಸ್ತಿಲ ತನಕ ಹೋದೆ. ಅತ್ತೆ ಕೈ ಅಡ್ಡ ಹಿಡಿದರು.

"ಅರಿಷಿಣ ಕುಂಕುಮ ಹಚ್ಚೂ ಹೊತ್ತದವಾ. ನೀ ಈ ಕಡಿ ಬರಬ್ಯಾಡ."

ನಮ್ಮದು ಸೂತಕ, ಮೈಲಿಗೆ ಒಪ್ಪದ ಮನೆತನ ಎಂದು ಊರೆಲ್ಲ ಹೇಳಿಕೊಳ್ಳುವವರು. ಎಲ್ಲರ ಕೊರಳಲ್ಲೂ ಲಿಂಗವಿದೆ, ನನ್ನ ಕೊರಳಲ್ಲೂ ಇದೆ. ನಾನು ಹೊಸ್ತಿಲ ಈಚೆ ನಿಂತು ನೋಡಿದೆ. ಮೈದುನ ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಬ್ಲೇಡಿನ ಬಾಯಿಗೆ ತುಂಬಿದ. ಗಾಳಿಯಾಡುವ ಸಂದಿಗೆ ಚೆಂಡುಹೂ ತುರುಕಿದ. ಮಷೀನಿನ ನೆತ್ತಿಯ ಮೇಲೇ ಟೆಂಗು ಒಡೆದ. ನೀರು ಬ್ಯಾಟರಿಯ ಸಂದಿಗೆ ಇಳಿಯಿತು. ನನ್ನ ಗಂಡನಿಗೆ ಮಣ್ಣು ಕೊಟ್ಟ ಕೈಯೂ ಅದೇ.

ನಾಲ್ಕು ದಿನ ಅದನ್ನು ಹಾಗೇ ಬಿಟ್ಟರು. ಐದನೆಯ ದಿನ ಅವನು ಪರೀಕ್ಷೆಗೆಂದು ಕಟ್ಟಿಗೆ ಕೊಯ್ಯುವ ಬ್ಲೇಡು ಸಿಕ್ಕಿಸಿ ಕಬ್ಬಿಣದ ಪೈಪಿಗೆ ಇಟ್ಟ. ಎರಡು ಸಲ ಕುಣಿದು, ಹಲ್ಲು ಉದುರಿಸಿ, ಮಷೀನು ನಿಂತೇಬಿಟ್ಟಿತು. ಎಷ್ಟು ಒತ್ತಿದರೂ ಉಸಿರಿಲ್ಲ.

"ಸತ್ತದರಿ ವೈನಿ ಇದು. ಗುಜರಿಗಿ ಹಾಕ್ರಿ," ಎಂದು ಅಂಗಳದಲ್ಲೇ ಇಟ್ಟು ಹೋದ.

ನಾನು ಅದನ್ನು ಹಿತ್ತಲಿಗೆ ಒಯ್ದು ಬ್ಯಾಟರಿ ಎಳೆದೆ. ಹುಳಿ ನಾತ ಮುಖಕ್ಕೆ ಬಡಿಯಿತು. ಬ್ಯಾಟರಿ ಕೂಡುವ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು. ಟೆಂಗಿನ ನೀರಿನ ಸಿಹಿಗೆ ಬಂದ ಇರುವೆಗಳು ಎಣ್ಣೆಯಲ್ಲಿ ಅಂಟಿ ಸತ್ತು ಗಟ್ಟಿಯಾಗಿದ್ದವು. ಕೊಳೆತ ಹೂವು ಕರೀ ಲೋಳೆಯಾಗಿತ್ತು. ಎರಡು ಸಲ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದೆ. ನನ್ನ ಒಣ ಬ್ರಷು ಮಷೀನಿನ ಬಾಯಿಯ ಮೂಲೆಗೆ ಹೋಗಲಿಲ್ಲ. ಅವರು ಹಲ್ಲು ತಿಕ್ಕುತ್ತಿದ್ದ ಬ್ರಷು ಬಚ್ಚಲ ಗೂಡಿನಲ್ಲಿ ಇನ್ನೂ ಇತ್ತು. ಎಂಟು ತಿಂಗಳು ನಾನದನ್ನು ಮುಟ್ಟಿರಲಿಲ್ಲ. ಅದನ್ನೇ ತಂದು ತಿಕ್ಕಿದೆ. ಸತ್ತ ಇರುವೆ ಅದರ ಕೂದಲಿಗೆ ಹತ್ತಿದಾಗ ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಹೊಸ್ತಿಲಲ್ಲಿ ಒಂದು ಮಾತು ಗಟ್ಟಿಯಾಗಿ ಆಡಿದ್ದರೆ ಇದು ಬೇಕಿರಲಿಲ್ಲ.

ದವಾಖಾನೆಯ ಸ್ಪಿರಿಟಿನಲ್ಲಿ ಪಟ್ಟಿಗಳನ್ನು ಒರೆಸಿ, ಒಂದು ಹಗಲು ಒಂದು ರಾತ್ರಿ ನೆರಳಲ್ಲಿ ಒಣಗಿಸಿದೆ. ಮರುದಿನ ಹದಿನೆಂಟು ಹಲ್ಲಿನ ಬ್ಲೇಡು, ಬ್ಯಾಟರಿ ಹಾಕಿ, ಬ್ಲೇಡಿನ ಬುಡದಲ್ಲಿರುವ ಪಾದವನ್ನು ಪೈಪಿಗೆ ಗಟ್ಟಿಯಾಗಿ ಆನಿಸಿ, ಮೆಲ್ಲಗೆ ಗುಂಡಿ ಒತ್ತಿದೆ. ಅದು ಕೆಮ್ಮಿದಂತೆ ಮಾಡಿ ಓಡಿತು. ಪೈಪು ಸೊಟ್ಟಗೆ ತುಂಡಾಗಿ ಬಿತ್ತು.

ಸಪ್ಪಳಕ್ಕೆ ಮೈದುನ ಚೀಲ ಕಟ್ಟುವುದನ್ನು ಬಿಟ್ಟು ಬಂದ. ಹಿಂದೆ ಅತ್ತೆ.

"ನಡೀತದಲ್ಲರಿ. ತರ್ರಿ ಇಲ್ಲಿ, ಚೀಲದಾಗ ಇಡ್ತೇನಿ."

"ಕೊಡಾಂಗಿಲ್ಲ," ಎಂದೆ.

ಹೆಂಗಸು ಮಷೀನು ಹಿಡಿದು ಊರೂರು ತಿರುಗಿದರೆ ಜನ ಏನಂತಾರೆ ಎಂದು ಅತ್ತೆ ಶುರು ಮಾಡಿದರು. ನಾನು ಬ್ಯಾಟರಿ ತೆಗೆದು, ಅಲ್ಲೇ ಕೂತು, ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಸೆರಗು ಹೊದಿಸಿದೆ. ಅಲ್ಲಿಂದ ಎತ್ತಿಕೊಳ್ಳಬೇಕಾದರೆ ಅವನು ಅತ್ತಿಗೆಯ ಸೆರಗಿಗೆ ಕೈ ಹಾಕಬೇಕು. ಅವನು ಎರಡು ಹೆಜ್ಜೆ ಬಂದ, ನಿಂತ, ತಾಯಿಯ ಮುಖ ನೋಡಿದ. ಅತ್ತೆ ನೆಲ ನೋಡಿದರು. ಪುಣೆಯ ಬಸ್ಸಿನ ಹೊತ್ತಾಗಿ ಅವನು ಚೀಲವಷ್ಟೇ ಹೊತ್ತು ಹೊರಡುವ ತನಕ ನಾನು ಹಾಗೇ ಕೂತಿದ್ದೆ, ಕಾಲು ಜೋಮು ಹಿಡಿದರೂ ಏಳಲಿಲ್ಲ.