ಸಿನಿಮಾದ ಫಾದರ್‌ಗೆ ಹೇಳಿದ ಪಾಪ

ಅವನ ನಿಜವಾದ ಹೆಸರು ಚರ್ಚಿನ ದಾಖಲೆ ಪುಸ್ತಕದಲ್ಲಿ ಮಾತ್ರ ಇತ್ತು. ಬೀದಿಗೆಲ್ಲ ಅವನು ಗಂಟೆಯಪ್ಪ. ಮೂವತ್ತೊಂದು ವರ್ಷದಿಂದ ದಿನಕ್ಕೆ ಮೂರು ಸಲ ಹಗ್ಗ ಜಗ್ಗಿ ಗಂಟೆ ಬಾರಿಸುವುದು, ಬೆಂಚು ಒರೆಸುವುದು, ನೆಲಕ್ಕೆ ಬಿದ್ದ ಮೇಣವನ್ನು ಮೊಂಡು ಚಾಕುವಿನಿಂದ ಕೆರೆಯುವುದು, ಪೂಜೆಯ ಪಾತ್ರೆ ಬೆಳಗುವುದು ಅವನ ಕೆಲಸ. ಸೊಂಟದ ಬೀಗದ ಕೈಗೊಂಚಲು ಸದ್ದು ಮಾಡಿದರೆ ಸಾಕು, ಹಿಂದಿನ ಬೆಂಚಿನಲ್ಲಿ ತೂಕಡಿಸುವವರು ನೆಟ್ಟಗೆ ಕೂರುತ್ತಿದ್ದರು. ಫಾದರ್‌ಗಳು ಬರುತ್ತಾರೆ, ಹೋಗುತ್ತಾರೆ, ನಾನಿಲ್ಲದಿದ್ದರೆ ಈ ಬಾಗಿಲೇ ತೆರೆಯುವುದಿಲ್ಲ ಎಂಬ ಸಣ್ಣ ಜಂಬ ಅವನಿಗಿತ್ತು. ಇರಲಿ ಬಿಡಿ, ಅಷ್ಟು ಜಂಬ ಯಾರಿಗಿಲ್ಲ.

ಆದರೆ ಅವನ ಪೇಚು ಬೇರೆ ಯಾರಿಗೂ ಇರಲಿಲ್ಲ. ಉಳಿದವರು ತಮ್ಮ ತಪ್ಪುಗಳನ್ನು ಫಾದರ್ ಕಿವಿಗೆ ಹೇಳಿ, ಪಾಪನಿವೇದನೆ ಮಾಡಿ ಹಗುರಾಗಿ ಮನೆಗೆ ಹೋಗುತ್ತಾರೆ. ಇವನು ಯಾರ ಮುಂದೆ ನಿವೇದಿಸಬೇಕೋ ಅವರು ಇವನ ಯಜಮಾನರು. ಮರದ ಗೂಡಿನ ಜಾಲರಿಯ ಆಚೆ ಕೂತು ಪಾಪ ಕೇಳಿದವರೇ ಹತ್ತು ನಿಮಿಷದ ನಂತರ ಬತ್ತಿ ಹಚ್ಚಿದೆಯಾ ಎಂದು ಕೇಳುವವರು. ಅಲ್ಲಿ ಕೇಳಿದ್ದನ್ನು ಫಾದರ್ ಪ್ರಾಣ ಹೋದರೂ ಬಾಯಿಬಿಡುವಂತಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ದಿನಾ ಮುಖ ನೋಡಬೇಕಲ್ಲ. ಹಾಗಾಗಿ ಕೋಪ, ಸೋಮಾರಿತನ, ಹೆಂಡತಿಯ ಮೇಲೆ ರೇಗಿದ್ದು ಎಲ್ಲ ಹೇಳುತ್ತಿದ್ದ. ಒಂದನ್ನು ಮಾತ್ರ ನುಂಗಿಕೊಳ್ಳುತ್ತಿದ್ದ.

ಆ ಒಂದು ಇದು. ಅವನಿಗಿಂತ ಮೊದಲು ಅಲ್ಲಿ ಗಂಟೆ ಬಾರಿಸುತ್ತಿದ್ದವನು ಅವನ ಅಣ್ಣ. ಇವನು ಆಗ ಕೆಲಸ ಸಿಗದೆ ಅಣ್ಣನಿಗೆ ಕೈಜೋಡಿಸಿಕೊಂಡಿದ್ದ. ಒಂದು ಸಂಜೆ ಪೂಜೆಯ ಬೆಳ್ಳಿ ಬಟ್ಟಲು ಬೆಳಗುವಾಗ ಇವನ ಕೈಜಾರಿ ಬಿದ್ದು ಅದರ ಅಂಚು ನೆಗ್ಗಿತು. ಬಟ್ಟೆ ಸುತ್ತಿ ಬೀರುವಿನಲ್ಲಿಟ್ಟು ತೆಪ್ಪಗೆ ಮನೆಗೆ ಹೋದ. ಬೆಳಿಗ್ಗೆ ಆಗಿನ ಫಾದರ್ ನೋಡಿದರು. ಬೀರುವಿನ ಬೀಗದ ಕೈ ಇದ್ದದ್ದು ಅಣ್ಣನ ಹತ್ತಿರ. ನನಗೆ ಗೊತ್ತಿಲ್ಲ ಎಂದು ಅಣ್ಣ ಹೇಳಿದ್ದು ಸುಳ್ಳು ಎಂದುಕೊಂಡು ಫಾದರ್ ಕೆರಳಿದರು, ಅವನನ್ನು ಕೆಲಸದಿಂದ ತೆಗೆದರು. ಮೂರು ದಿನ ಬಿಟ್ಟು ಕೈಗೊಂಚಲನ್ನು ತಮ್ಮನ ಮುಂದೆ ಹಿಡಿದರು. ಇವನು ಕೈಚಾಚಿ ತೆಗೆದುಕೊಂಡ. ಅಣ್ಣ ಸೈಕಲ್ ರಿಪೇರಿ ಅಂಗಡಿ ಹಾಕಿದ, ಭಾನುವಾರಗಳಂದು ಪೂಜೆಗೆ ಬಂದು ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ.

ಹೀಗಿರುವಾಗ ಸಿನಿಮಾದವರು ಬಂದರು. ಕೊಲೆಯ ಕಥೆ. ಕೊಲೆಗಾರ ಫಾದರ್ ಮುಂದೆ ಮಂಡಿಯೂರಿ ತಪ್ಪು ಒಪ್ಪಿಕೊಳ್ಳುತ್ತಾನೆ, ಪೊಲೀಸರು ಬೇರೆ ಯಾರನ್ನೋ ಹಿಡಿದಿದ್ದಾರೆ, ಫಾದರ್ ತುಟಿ ಬಿಚ್ಚುವಂತಿಲ್ಲ. ದೇವರು ಕ್ಷಮಿಸಿದರೆ ಸಾಕಾ, ನೋವು ತಿಂದವನೂ ಕ್ಷಮಿಸಬೇಕಾ ಎಂಬುದೇ ಚಿತ್ರದ ಪ್ರಶ್ನೆ ಎಂದು ನಿರ್ದೇಶಕಿ ವಿವರಿಸುತ್ತಿದ್ದಾಗ ಗಂಟೆಯಪ್ಪ ಮೇಣ ಕೆರೆಯುವ ನೆಪದಲ್ಲಿ ಅಲ್ಲಿಂದ ಜಾಗ ಖಾಲಿ ಮಾಡಿದ.

ಫಾದರ್ ಪಾತ್ರದ ನಟನಿಗೆ ಎಲ್ಲ ಹೇಳಿಕೊಟ್ಟವನು ಅವನೇ. ಪಾಪನಿವೇದನೆ ಕೇಳುವಾಗ ಧರಿಸುವ ನೇರಳೆ ಪಟ್ಟಿಯನ್ನು ಕೊರಳಿಗೆ ಹೇಗೆ ಹಾಕಬೇಕು, ಮುಖ ತಿರುಗಿಸಿ ಕಿವಿಯನ್ನಷ್ಟೇ ಜಾಲರಿಗೆ ಹೇಗೆ ಕೊಡಬೇಕು, ಎಲ್ಲವನ್ನೂ. ಮಾರನೆಯ ದಿನ ಕೊಲೆಗಾರನ ಪಾತ್ರದವನು ಬರುವುದು ತಡವಾಯಿತು. ಬೆಳಕು ಸರಿಮಾಡಿಕೊಳ್ಳಲು ಯಾರಾದರೂ ಆ ಜಾಗದಲ್ಲಿ ಇರಬೇಕಿತ್ತು. ನಿರ್ದೇಶಕಿ ಗಂಟೆಯಪ್ಪನನ್ನು ಕರೆದು, ಐದು ನಿಮಿಷ ಅಲ್ಲಿ ಮಂಡಿಯೂರಿ ಎಂದಳು.

ಊರಿದ. ಮಂಡಿಗೆ ಆ ಸವೆದ ಹಲಗೆ ತಗುಲಿದ್ದೇ ತಡ, ನಾಲಿಗೆ ತನ್ನ ಪಾಡಿಗೆ ತಾನು ಹೊರಟಿತು. ಆಚೆ ನೇರಳೆ ಪಟ್ಟಿ, ತಾನೇ ಕಲಿಸಿದಂತೆ ಬಾಗಿದ ಕಿವಿ. ಇವರು ಯಜಮಾನರಲ್ಲ, ನಾಳಿದ್ದು ಊರು ಬಿಟ್ಟು ಹೋಗುವವರು.

“ಫಾದರ್, ನಾನು ಮಾಡಿದ್ದಕ್ಕೆ ಇನ್ನೊಬ್ಬರು ಶಿಕ್ಷೆ ಅನುಭವಿಸಿದರು” ಎಂದು ಶುರುಮಾಡಿ ಬಟ್ಟಲು, ಬೀರು, ಅಣ್ಣ ಎಲ್ಲವನ್ನೂ ಪಿಸುಗುಟ್ಟಿದ.

ನಟ ಕೊರಳಿನ ಪಟ್ಟಿ ತೆಗೆದ. ಆಮೇಲೆ ಮೆಲ್ಲಗೆ, “ನಾನು ನಿಜವಾದ ಫಾದರ್ ಅಲ್ಲ, ಕ್ಷಮೆ ಕೊಡೋಕೆ ನನ್ನಿಂದಾಗಲ್ಲ. ನಿಮ್ಮಣ್ಣ ಇದ್ದಾರಲ್ಲ, ಅವರು ಕೊಡಬಹುದು” ಎಂದ.

ಆಗಲೇ ಗಂಟೆಯಪ್ಪನಿಗೆ ಜಾಲರಿಯ ಮೂಲೆಯಲ್ಲಿ ಸಿಕ್ಕಿಸಿದ್ದ ಪುಟ್ಟ ಮೈಕ್ ಕಂಡದ್ದು. ಹೊರಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಧ್ವನಿ ವಿಭಾಗದವನು ನೆಲ ನೋಡುತ್ತಿದ್ದ. ಗಂಟೆಯಪ್ಪ ಎದ್ದು ನೇರ ಅವನ ಮುಂದೆ ಹೋಗಿ ನಿಂತ.

ಧ್ವನಿಯವನು ಒಳ್ಳೆಯ ಮನುಷ್ಯ. ಮೊದಲ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗಂಟೆಯಪ್ಪನ ಎದುರಿಗೇ ಅಳಿಸಿದ. ಆ ಮೊದಲ ಮಾತನ್ನು ನಿರ್ದೇಶಕಿ ಕೇಳಿಸಿಕೊಂಡಿದ್ದಳು. ಕೊಲೆಗಾರ ಯಾರೆಂದು ಗುಟ್ಟಾಗಿರಬೇಕು, ಜನ ಗುರುತಿಸುವ ನಟನ ಧ್ವನಿ ನಡೆಯುವುದಿಲ್ಲ, ನಿಮ್ಮ ಆ ಒಂದು ಮಾತನ್ನು ಸಿನಿಮಾದಲ್ಲಿ ಬಳಸಿಕೊಳ್ಳಲೇ ಎಂದು ಕೇಳಿದಳು. ಬೇಡ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೊಲೆ ಸಿನಿಮಾ ಎಂದರೆ ಪ್ರಾಣ ಬಿಡುವ ಅಣ್ಣ ಮೊದಲ ದಿನವೇ ಹೋಗಿ ಕೂರುತ್ತಾನೆ, ತಮ್ಮನ ಪಿಸುಮಾತು ಗುರುತಿಸದೆ ಇರುತ್ತಾನೆಯೇ? ಬೇಡ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಮೂವತ್ತೊಂದು ವರ್ಷ ನುಂಗಿದ್ದನ್ನು ಮತ್ತೊಮ್ಮೆ ನುಂಗಲು ಅವನಿಗೆ ನಿಜಕ್ಕೂ ಸಾಕಾಗಿತ್ತು. ನಾಳೆ ಹೇಳುತ್ತೇನೆಂದು ಸೀದಾ ಸೈಕಲ್ ಅಂಗಡಿಗೆ ನಡೆದ.

ಅಣ್ಣ ಬೋಗುಣಿಯ ನೀರಿನಲ್ಲಿ ಟ್ಯೂಬ್ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಗಂಟೆಯಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಗುಳ್ಳೆ ಎದ್ದ ಜಾಗದ ಮೇಲೆ ಅಣ್ಣನ ಬೆರಳು ಹಾಗೇ ನಿಂತಿತು.

“ನೀನೇ ಇರಬೇಕು ಅಂತ ಒಂದೊಂದ್ ಸಲ ಅನ್ನಿಸ್ತಿತ್ತು” ಎಂದ ಅಣ್ಣ. “ಆಮೇಲೆ ನನ್ನ ತಮ್ಮ ಹಾಗೆಲ್ಲ ಮಾಡಲ್ಲ ಅಂತ ನನ್ನನ್ನೇ ಬೈಕೊಳ್ತಿದ್ದೆ.”

ಇದಕ್ಕಿಂತ ಎರಡೇಟು ಬಿಗಿದಿದ್ದರೆ ವಾಸಿಯಿತ್ತು. ಗಂಟೆಯಪ್ಪ ಅಲ್ಲೇ ಟೈರುಗಳ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅಣ್ಣ ಎದ್ದು ಕೈ ಒರೆಸಿಕೊಂಡ, ಒಂದು ಲೋಟ ನೀರು ಕೊಟ್ಟ. ಕೆಲಸ ಹೋದದ್ದಕ್ಕೆ ಬೇಜಾರಿಲ್ಲ, ಈ ಅಂಗಡಿ ಕೈಬಿಡಲಿಲ್ಲ, ಆದರೆ ಗಂಟೆ ಕೇಳಿದಾಗಲೆಲ್ಲ ಅಂಗೈ ತುರಿಸುತ್ತಿತ್ತು ಎಂದ. ಮೂರನೇ ಬೆಂಚಿನ ತುದಿಯಿಂದ ಹಗ್ಗ ಕಾಣುತ್ತದೆ, ಅದಕ್ಕೇ ಅಲ್ಲಿ ಕೂರುವುದು ಎಂದ. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ. “ಭಾನುವಾರ ಗಂಟೆ ನಾನು ಬಾರಿಸ್ತೀನಿ” ಎಂದಷ್ಟೇ ಹೇಳಿದ.

ಗಂಟೆಯಪ್ಪ ಆ ಸಂಜೆಯೇ ಈಗಿನ ಫಾದರ್ ಹತ್ತಿರ ಹೋಗಿ, ಜಾಲರಿಯಿಲ್ಲದೆ ಎದುರಿಗೆ ನಿಂತು ಎಲ್ಲ ಹೇಳಿ, ಅಣ್ಣ ಗಂಟೆ ಬಾರಿಸಲು ಒಪ್ಪಿಗೆ ಪಡೆದ. ಮಾರನೆಯ ದಿನ ನಿರ್ದೇಶಕಿಗೂ ಆ ಮಾತನ್ನು ಬಳಸಿಕೊಳ್ಳಿ ಎಂದ. ಭಾನುವಾರ ಅಣ್ಣ ಉತ್ಸಾಹದಲ್ಲಿ ಏಳೆಂಟು ಏಟು ಹೆಚ್ಚಾಗಿಯೇ ಬಾರಿಸಿದ, ಏನಾಯಿತೋ ಎಂದು ಜನ ಓಡಿ ಬಂದರು.

ಸಿನಿಮಾ ಬಂದಾಗ ಇಬ್ಬರೂ ಒಟ್ಟಿಗೆ ಹೋದರು. ತೆರೆ ಕಪ್ಪಾಗಿ ಆ ಪಿಸುಮಾತು ಕೇಳಿದಾಗ ಥಿಯೇಟರಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅಣ್ಣ ಮಾತ್ರ ಪಕ್ಕದ ಸೀಟಿನ ಅಪರಿಚಿತನ ಕಡೆ ಬಾಗಿದ.

“ಅದು ನನ್ನ ತಮ್ಮನ ಧ್ವನಿ” ಎಂದ ಹೆಮ್ಮೆಯಿಂದ. “ಕೊಲೆಗಿಲೆ ಏನೂ ಮಾಡಿಲ್ಲ, ಒಂದು ಬಟ್ಟಲು ನೆಗ್ಗಿಸಿದ್ದ ಅಷ್ಟೇ. ಅದನ್ನ ನಾನು ಕ್ಷಮಿಸಿಯಾಯ್ತು.”

ಹಿಂದಿನವರು ಸುಮ್ಮನಿರ್ರೀ ಎಂದು ಗದರಿದರು. ಕೊಲೆಗಾರ ಕೊನೆಗೆ ಸಿಕ್ಕಿಬಿದ್ದನೋ ಇಲ್ಲವೋ ಗಂಟೆಯಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದಾಚೆ ಅವನಿಗೆ ತೆರೆ ಸರಿಯಾಗಿ ಕಾಣಿಸಲೇ ಇಲ್ಲ.