ಕುಂದಾಪುರದಲ್ಲಿ ಬಾಯಿ ಮುಚ್ಚಿಸುವ ಉದ್ಯೋಗ

ಕುಂದಾಪುರದಲ್ಲಿ ನನ್ನನ್ನು ಮೊಟ್ಟಮೊದಲು ಎದುರುಗೊಂಡದ್ದು ಒಂದು ನಾಲಿಗೆ. ತಿಪಟೂರಿನಿಂದ ಬಸ್ಸಿನಲ್ಲಿ ಘಾಟಿ ಇಳಿದು ಬಂದು, ಟ್ರಂಕನ್ನು ಮೂಲೆಯಲ್ಲಿಟ್ಟು, ಕುರ್ಚಿಯಲ್ಲಿ ಕೂತು ಇನ್ನೂ ಉಸಿರು ಬಿಟ್ಟಿರಲಿಲ್ಲ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ ನೇರವಾಗಿ ನನ್ನ ಮುಂದೆ ಬಂದು ನಿಂತು, ಬಾಯಿ ತೆರೆದು, ನಾಲಿಗೆಯನ್ನು ಮೇಲಕ್ಕೆ ಮಡಚಿ ತೋರಿಸಿದ. ನಮ್ಮೂರಿನಲ್ಲಿ ಹಿರಿಯರೆದುರು ನಾಲಿಗೆ ತೋರಿಸಿದವನಿಗೆ ಏನು ಸಿಗುತ್ತದೆಂದು ನಿಮಗೆ ಗೊತ್ತೇ ಇದೆ. ನನ್ನ ಕೈ ಅರ್ಧ ಎದ್ದೂ ಬಿಟ್ಟಿತ್ತು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮ ಕೂಗಿ ಹೇಳಿದರು: "ಸಾರ್, ಪುಡಿ ಕರಗಿದ್ಯಾ ನೋಡಿ. ಇನ್ಮೇಲೆ ಅದು ನಿಮ್ ಕೆಲ್ಸ."

ಹೀಗೆ, ಸರ್ಕಾರಿ ಆಸ್ಪತ್ರೆಯ ಕಿಟಕಿಯ ಹಿಂದೆ ನಿಂತು ಜೀವಮಾನವಿಡೀ ಮಾತ್ರೆ ಕೊಟ್ಟು ಗೌರವಯುತವಾಗಿ ನಿವೃತ್ತನಾದ ಫಾರ್ಮಸಿಸ್ಟೊಬ್ಬ, ಇಳಿವಯಸ್ಸಿನಲ್ಲಿ ಪರರ ನಾಲಿಗೆಯ ತಳಭಾಗದ ಪರಿವೀಕ್ಷಕನಾದ. ಊರಿನಲ್ಲಿ ನೀವೆಲ್ಲ "ಅಲ್ಲೇನು ಕೆಲಸ?" ಎಂದು ಕೇಳುತ್ತಿದ್ದೀರಂತೆ. ಹೇಳುತ್ತೇನೆ, ಕೇಳಿ.

ಇದು ಮಾದಕವಸ್ತುವನ್ನು ಸೂಜಿಯಿಂದ ಮೈಗೇರಿಸಿಕೊಳ್ಳುವವರಿಗಾಗಿ ಇರುವ ಒಂದು ಸಣ್ಣ ಆರೋಗ್ಯ ಕೇಂದ್ರ. ಬರುವವರಲ್ಲಿ ಹೆಚ್ಚಿನವರು ಮುಂಬೈಯ ಹೋಟೆಲುಗಳಲ್ಲಿ ದುಡಿಯಲು ಹೋಗಿ, ಅಲ್ಲಿ ಈ ಚಟ ಅಂಟಿಸಿಕೊಂಡು ಹಿಂದಿರುಗಿದವರು. ಇವರಿಗೆ ನಾವು ಮಾಡುವುದು ಮುಖ್ಯವಾಗಿ ಎರಡು ಉಪಕಾರ. ಹಳೆಯ ಸಿರಿಂಜು ಪಡೆದು ಹೊಸದನ್ನು ಕೊಡುತ್ತೇವೆ, ಒಬ್ಬನ ಸೂಜಿಯಿಂದ ಇನ್ನೊಬ್ಬನಿಗೆ ಎಚ್‌ಐವಿ ದಾಟದಿರಲೆಂದು. ಸೂಜಿಯನ್ನೇ ಬಿಡುತ್ತೇನೆಂದು ಬಂದವನಿಗೆ ದಿನಕ್ಕೊಮ್ಮೆ ಮಾತ್ರೆ ಪುಡಿಮಾಡಿ ನಾಲಿಗೆಯ ಕೆಳಗೆ ಹಾಕುತ್ತೇವೆ. ಅದು ಒಳಗಿಳಿದರೆ ಮೈ ಮುರಿತ ನಿಂತು, ಮನುಷ್ಯ ಎಲ್ಲರಂತೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ಆದರೆ ಪುಡಿ ಕರಗಲು ಹತ್ತು ನಿಮಿಷ ಬೇಕು. ನುಂಗಿದರೆ ಔಷಧಿ ದಂಡ. ಮಾತಾಡಿದರೂ ದಂಡ. ಆದ್ದರಿಂದ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರಬೇಕು, ಕೂರಿಸಬೇಕು.

ಇದೇ ಕೇಂದ್ರ ತಿಪಟೂರಿನಲ್ಲಿದ್ದಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ. ಕೊಬ್ಬರಿ ಧಾರಣೆ ಬಿದ್ದ ದಿನ ನಮ್ಮ ಇಡೀ ಊರೇ ಯಾರೂ ಹೇಳದೆ ಬಾಯಿ ಮುಚ್ಚಿ ಕೂರುತ್ತದೆ. ಇಲ್ಲಿ ಹಾಗಲ್ಲ. ಇಲ್ಲಿಯ ಜನ ಕ್ರಿಯಾಪದದ ಬಾಲ ಕತ್ತರಿಸಿ, ಉಳಿದ ಸಮಯದಲ್ಲಿ ಇನ್ನೆರಡು ವಾಕ್ಯ ಸೇರಿಸುತ್ತಾರೆ. ನಾನು "ಬರುತ್ತೇನೆ" ಎಂದು ಮುಗಿಸುವುದರೊಳಗೆ ಅವರು "ಬತ್ತೆ" ಎಂದು ಹೇಳಿ, ಹೋಗಿ, ಕೆಲಸ ಮುಗಿಸಿ ವಾಪಸ್ಸು ಬಂದಿರುತ್ತಾರೆ. ಪುಡಿ ಹಾಕಿಸಿಕೊಂಡವರು ಕೂರುವ ನಮ್ಮ ಬೆಂಚು ಮೊದಲು ರಸ್ತೆಯ ಕಡೆ ಮುಖ ಮಾಡಿತ್ತು. ಹೋಗುವವರೆಲ್ಲ "ಹ್ವಾಯ್, ಇಲ್ಲೆಂತ ಕೂಕಂಡದ್?" ಎಂದು ಕೇಳುವುದು, ಉತ್ತರಿಸದಿದ್ದರೆ ಅವಮರ್ಯಾದೆಯೆಂದು ಇವರು ಬಾಯಿ ಬಿಡುವುದು, ಔಷಧಿ ಹಾಳಾಗುವುದು. ನನ್ನ ಆಡಳಿತದ ಮೊದಲ ಸುಧಾರಣೆಯೆಂದರೆ ಬೆಂಚನ್ನು ಗೋಡೆಯ ಕಡೆಗೆ ತಿರುಗಿಸಿದ್ದು. ಇತಿಹಾಸ ಇದನ್ನು ಗಮನಿಸುತ್ತದೆಂದು ನಂಬಿದ್ದೇನೆ.

ಊಟದ ವಿಷಯಕ್ಕೆ ಬರೋಣ. ತೆಂಗಿನ ನಾಡಿನಿಂದ ತೆಂಗಿನ ನಾಡಿಗೆ ಹೋಗುತ್ತಿದ್ದೇನೆ, ತೊಂದರೆಯಿಲ್ಲ ಎಂದುಕೊಂಡಿದ್ದೆ. ಆದರೆ ನಾವು ಕಾಯಿಯನ್ನು ಅಟ್ಟದ ಮೇಲೆ ಒಣಗಿಸಿ, ಕಾದು, ಮಾರುವ ಜನ. ಇವರು ಬೆಳಿಗ್ಗೆ ಒಡೆದು ಮಧ್ಯಾಹ್ನಕ್ಕೆ ರುಬ್ಬಿ ಮುಗಿಸುವ ಜನ. ಮುದ್ದೆಯ ಹೆಸರೆತ್ತಿದರೆ ಕಾಯಿಲೆ ಬಿದ್ದಿದ್ದೀರಾ ಎಂದು ಕೇಳುತ್ತಾರೆ. ಕುಚ್ಚಲಕ್ಕಿಯ ಗಂಜಿಯನ್ನು ನಾನು ಮೊದಲ ವಾರ ಸಹಿಸಿದೆ, ಎರಡನೆಯ ವಾರ ಒಪ್ಪಿದೆ, ಈಗ ಬಡಿಸುವುದು ತಡವಾದರೆ ಸಿಟ್ಟು ಬರುತ್ತದೆ. ಮೀನು ಮಾತ್ರ ಮುಟ್ಟಲಿಲ್ಲ. ಮೀನು ಮುಟ್ಟದವನೆಂದ ಮೇಲೆ ಇವನು ಭಟ್ಟನೇ ಸರಿ ಎಂದು ಇಡೀ ಬೀದಿ ತೀರ್ಮಾನಿಸಿತು. ನಾನು ಭಟ್ಟನಲ್ಲ ಎಂದು ಎಷ್ಟು ವಿವರಿಸಿದರೂ "ಹೌದಾ ಭಟ್ರೆ?" ಎಂದು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾರೆ.

ಕೇಂದ್ರವಿರುವುದು ಒಂದು ಮನೆಯ ಮುಂಭಾಗದಲ್ಲಿ. ಹಿಂದೆ ಮನೆಯೊಡತಿ ಸುಮತಕ್ಕ, ಮೇಲಿನ ಕೋಣೆಯಲ್ಲಿ ನಾನು. ಬಂದ ಹೊಸದರಲ್ಲಿ ಸುಮತಕ್ಕ ಒಂದು ದಿನ ನನ್ನನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದರು.

"ಹ್ವಾಯ್ ಭಟ್ರೆ, ಒಂದ್ ಮಾತ್ ಕೇಂತೆ, ಬೇಜಾರ್ ಮಾಡ್ಕಣ್ಬೇಡಿ. ಚುಚ್ಕಂಬವ್ರಿಗೆ ನೀವೇ ಹೊಸ ಸೂಜಿ ಕೊಡುದಂಬ್ರಲೆ, ಅದೆಂತ ನ್ಯಾಯ?"

"ಅಮ್ಮ, ಮಳೆ ನಿಲ್ಸಕ್ಕೆ ನನ್ ಕೈಲಾಗಲ್ಲ. ಕೊಡೆ ಕೊಡಬಹುದು. ಅವರು ಚಟ ಬಿಡೋವರೆಗೂ ರೋಗ ಬರದ ಹಾಗೆ ನೋಡ್ಕೊಂಡ್ರೆ, ಬಿಟ್ಟ ಮೇಲೆ ಬದುಕೋದಕ್ಕೆ ಒಂದು ಮೈಯಾದ್ರೂ ಉಳೀತದೆ."

"ಹಳೆದ್ ವಾಪಾಸ್ ತಕಂತ್ರ್ಯಾ?"

"ತಗೋತೀವಿ."

"ಹಂಗಾರೆ ಅಡ್ಡಿಲ್ಲೆ. ಹಳೆ ಸೀರೆ ತಕಂಡ್ ಪಾತ್ರೆ ಕೊಡುವವ್ರ್ ಬತ್ರಲೆ, ಹಂಗೇ."

ಆರೋಗ್ಯ ಇಲಾಖೆಯ ತರಬೇತಿಯಲ್ಲಿ ಇಷ್ಟು ಬೇಗ ಯಾರೂ ಒಪ್ಪಿದ್ದನ್ನು ನಾನು ಕಂಡಿಲ್ಲ.

ಭಾನುವಾರ ಮಾತ್ರ ಕಷ್ಟ. ಒಮ್ಮೆ ಬಸ್ಸು ಹತ್ತಿ ಮರವಂತೆಗೆ ಹೋಗಿ ನಿಂತೆ. ರಸ್ತೆಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ನದಿ, ನಡುವೆ ನಾನು. ಬರಗಾಲದ ಸೀಮೆಯಿಂದ ಬಂದವನಿಗೆ ಅಷ್ಟೊಂದು ನೀರು ಎರಡೂ ಕಡೆಯಿಂದ ಏಕಕಾಲಕ್ಕೆ ಕಂಡರೆ ಯಾವುದಕ್ಕೆ ಬೆನ್ನು ಹಾಕಿದರೂ ಅಪಚಾರವೆನಿಸುತ್ತದೆ. ತಿಪಟೂರಿನಲ್ಲಿರುವ ನನ್ನ ಮನೆಯಾಕೆಗೆ ಫೋನು ಮಾಡಿ ಇದನ್ನು ಹೇಳಿದೆ. "ಬೋರ್‌ವೆಲ್ ಮೋಟ್ರು ಸುಟ್ಟೋಗಿದೆ" ಎಂದಳು.

ಇನ್ನು, ಮೊದಲ ದಿನ ನನಗೆ ನಾಲಿಗೆ ತೋರಿಸಿದ ಆ ಮನುಷ್ಯನ ವಿಷಯ. ಅವನನ್ನು ಮಂಜ ಎಂದು ಕರೆಯೋಣ. ನಿಜವಾದ ಹೆಸರು ಹೇಳುವಂತಿಲ್ಲ. ಬರೆಯಲು ಒಪ್ಪಿಗೆ ಕೇಳಿದಾಗ ಅವನು "ಎಂತಾರೂ ಹಾಕಿ ಸಾರ್" ಎಂದ. ಅವನ ತಾಯಿ ಮಾತ್ರ "ನಂಗೊಂದ್ ಚಂದದ ಹೆಸ್ರ್ ಹಾಕಿ" ಎಂದು ಪಟ್ಟು ಹಿಡಿದದ್ದರಿಂದ ಅವರು ಪದ್ಮಾವತಿ. ಊರು ಉಪ್ಪುಂದ. ಮೀನು ವ್ಯಾಪಾರ. ವಾರಕ್ಕೆರಡು ಸಲ ಕುಂದಾಪುರಕ್ಕೂ ಬುಟ್ಟಿ ತರುತ್ತಾರೆ.

ಮಂಜ ಸೂಜಿ ಬಿಟ್ಟು ಕೆಲವು ತಿಂಗಳಾಗಿತ್ತು. ಮುಂಬೈಯಲ್ಲಿ ಅವನ ಜೊತೆ ಒಂದೇ ಸಿರಿಂಜು ಹಂಚಿಕೊಂಡಿದ್ದವನಿಗೆ ಎಚ್‌ಐವಿ ಬಂದು, ಈಗ ಆತ ದಿನವೂ ಮಾತ್ರೆ ನುಂಗಿ ಗಟ್ಟಿಯಾಗಿದ್ದಾನೆ. ಮಂಜನ ರಕ್ತ ಎರಡು ಸಲ ಪರೀಕ್ಷಿಸಿಯಾಗಿತ್ತು, ಎರಡು ಸಲವೂ ಇಲ್ಲ ಎಂದು ಬಂದಿತ್ತು. ಹಾಗೆಯೇ ಉಳಿಯಬೇಕಾದರೆ ಔಷಧಿ ತಪ್ಪಬಾರದು. ತೊಡಕು ಬಂದದ್ದು ಇಲ್ಲಿ: ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುತ್ತ ಬಂದಿತ್ತು, ಅವನಿಗೊಂದು ದೋಣಿಯಲ್ಲಿ ಕೆಲಸ ಸಿಕ್ಕಿತ್ತು. ದೋಣಿ ಹೊರಡುವುದು ಬೆಳಕು ಹರಿಯುವ ಮೊದಲು. ಅದು ತಿರುಗಿ ಬರುವ ಹೊತ್ತಿಗೆ ನಮ್ಮ ಬಾಗಿಲು ಮುಚ್ಚಿರುತ್ತದೆ. ದೋಣಿ ಬಿಟ್ಟರೆ ಹೊಟ್ಟೆಗಿಲ್ಲ, ಔಷಧಿ ಬಿಟ್ಟರೆ ಮತ್ತೆ ಸೂಜಿ. ಡಾಕ್ಟರು ಒಂದು ದಾರಿ ಹೇಳಿದರು: ಇಷ್ಟು ದಿನ ಸರಿಯಾಗಿ ನಡೆದುಕೊಂಡವನು, ಕೆಲವು ದಿನದ ಔಷಧಿ ಮನೆಗೇ ಕೊಡಬಹುದು. ಆದರೆ ಮನೆಯವರೊಬ್ಬರು ಜವಾಬ್ದಾರಿ ಹೊರಬೇಕು.

ಮನೆಯಲ್ಲಿರುವುದು ತಾಯಿ ಒಬ್ಬರೇ. ಅವರ ಲೆಕ್ಕದಲ್ಲಿ ಇವನು ದಿನವೂ ಕುಂದಾಪುರಕ್ಕೆ ಮೊಬೈಲ್ ರಿಪೇರಿ ಕಲಿಯಲು ಹೋಗುವವನು.

"ಹೇಳಿಬಿಡು" ಎಂದೆ.

"ಅಬ್ಬಿಗೆ ಹೇಳುದಾ? ನಾನ್ ಸಮುದ್ರಕ್ಕ್ ಹಾರ್ತೆ ಸಾರ್. ಅಲ್ಲಿಂದಾರೆ ಈಜಿ ಬಪ್ಲಕ್ಕ್."

ಅಬ್ಬಿ ಎಂದರೆ ಅಮ್ಮ, ಬಪ್ಲಕ್ಕ್ ಎಂದರೆ ಬರಬಹುದು. ದೋಣಿಯ ಯಜಮಾನನಿಗೆ ಮರುದಿನವೇ ಉತ್ತರ ಹೇಳಬೇಕಿತ್ತು. ಅವತ್ತು ಮಂಜನ ಬಾಯಿಗೆ ಪುಡಿ ಹಾಕಿ ನಾನು ಗಡಿಯಾರ ನೋಡುತ್ತಿದ್ದೆ. ಮಳೆ ಧೋ ಎಂದು ಸುರಿಯಿತು. ಸುಮತಕ್ಕನಿಗೆ ಮೀನು ಕೊಡಲು ಬಂದಿದ್ದ ಹೆಂಗಸೊಬ್ಬರು ಬುಟ್ಟಿಯ ಸಮೇತ ನಮ್ಮ ಜಗಲಿಗೆ ನುಗ್ಗಿದರು. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಬೆನ್ನನ್ನು ಒಂದು ಕ್ಷಣ ನೋಡಿದರು.

"ಏ ಮಂಜಾ! ನೀ ಎಂತ ಇಲ್ಲ್? ಇದಾ ನಿನ್ ಮೊಬೈಲ್ ಕ್ಲಾಸ್?"

ಮಂಜ ತಿರುಗಿ ನನ್ನನ್ನು ನೋಡಿದ. ಬುಟ್ಟಿಯಲ್ಲಿದ್ದ ಬಂಗುಡೆಗಳ ಕಣ್ಣಿಗೂ ಅವನ ಕಣ್ಣಿಗೂ ವ್ಯತ್ಯಾಸವಿರಲಿಲ್ಲ. ನಾನು ವೃತ್ತಿಗೌರವದಿಂದ ಎದ್ದು ನಿಂತೆ. "ಅಮ್ಮ, ಇಲ್ಲಿಗೆ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನ ನಾವು ಯಾರಿಗೂ ಹೇಳೋ ಹಾಗಿಲ್ಲ."

"ಹೇಳುದೆಂತಕೆ ಭಟ್ರೆ? ಅವ ಕಣ್ಣೆದ್ರೇ ಕೂಕಂಡಿದ್ದ! ನಂಗ್ ಕಣ್ಣ್ ಕಾಂತಿಲ್ಯಾ?" ಮತ್ತೆ ಮಗನ ಕಡೆ ತಿರುಗಿದರು. "ಎಂತಕ್ ಮಾತಾಡುದಿಲ್ಲೆ? ಹಲ್ ನೋವಾ? ವ್ರತವಾ? ಹೆಣ್ಣಿನ್ ವಿಷ್ಯವಾ? ಯಾರ್ ಹೆಣ್ಣ್, ಹೇಳ್. ನಾ ಬ್ಯಾಡ ಅಂತ್ನಾ? ನಿನ್ ಮದಿಗಂದೇಳಿ ಬೈಂದೂರಂಗೆ ಎರಡ್ ಮನಿ ಕಂಡ್ ಬಂದೆ. ಮಾಣಿ ಎಂತ ಮಾಡ್ತ ಅಂದ್ರೆ, ಮೊಬೈಲ್ ಕಲಿತ ಅಂದೆ, ದೊಡ್ಡ ಜನ ಕಂಡಂಗೆ!"

ಮದಿ ಎಂದರೆ ಮದುವೆ. ಮಂಜ ಬಾಯಿ ತೆರೆಯುವಂತಿಲ್ಲ, ತೆರೆದರೆ ಔಷಧಿ ಹೋಯಿತು. ನಾನು ತೆರೆಯುವಂತಿಲ್ಲ, ತೆರೆದರೆ ನಿಯಮ ಹೋಯಿತು. ಇಬ್ಬರು ಗಂಡಸರು ಬಾಯಿ ಮುಚ್ಚಿ, ಒಬ್ಬ ಹೆಂಗಸು ಅಡೆತಡೆಯಿಲ್ಲದೆ ಮಾತಾಡುವ ಅಂಥ ಸುಯೋಗ ಆ ಊರಿನಲ್ಲೂ ಅಪರೂಪವಿರಬೇಕು. ಇದರ ನಡುವೆ ಸುಮತಕ್ಕನ ಬೆಕ್ಕು ಬಂದು, ಬುಟ್ಟಿಯಿಂದ ಒಂದು ಬಂಗುಡೆ ಆರಿಸಿಕೊಂಡು, ನನ್ನ ಮುಖವನ್ನೊಮ್ಮೆ ನೋಡಿ ಹೊರಟುಹೋಯಿತು.

ಆಮೇಲೆ ಪದ್ಮಾವತಿಯವರ ಕಣ್ಣು ಗೋಡೆಯ ಮೇಲೆ ಬಿತ್ತು. ಅಲ್ಲಿ ಸೂಜಿಯ ಚಿತ್ರದ ದೊಡ್ಡ ಭಿತ್ತಿಪತ್ರ. ಮೇಜಿನ ಮೇಲೆ ಸಿರಿಂಜಿನ ಡಬ್ಬ. ಮಾತು ನಿಧಾನವಾಯಿತು.

"ನೀ ಮುಂಬೈಯಿಂದ ಬಂದಾಗಿಂದ ಬಾವಿಕಟ್ಟೆಯಂಗೆ ಮೀವತ್ತಿಗೂ ಅಂಗಿ ತೆಗಿತಿಲ್ಲೆ" ಎಂದರು. "ಕೈ ತೋರ್ಸ್."

ಮಂಜ ಅಂಗಿಯ ತೋಳು ಮಡಚಿ ಕೈ ಚಾಚಿದ. ಹಳೆಯ ಕಲೆಗಳು. ಅವರು ನೋಡಿದರು, ಬೆರಳಿನಿಂದ ಮುಟ್ಟಿ ನೋಡಿದರು. ಹೋಗಿ ಅವನ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಕೂತರು.

ಹತ್ತು ನಿಮಿಷವಾಯಿತು. ಏನೇ ಆದರೂ ಕರ್ತವ್ಯ ಕರ್ತವ್ಯವೇ. "ಬಾಯಿ" ಎಂದೆ. ಮಂಜ ನಾಲಿಗೆ ಎತ್ತಿದ. ಅವನ ತಾಯಿಯೂ ಬಗ್ಗಿ, ಕಿವಿರು ಎತ್ತಿ ಮೀನಿನ ತಾಜಾತನ ಪರೀಕ್ಷಿಸುವವರಂತೆ ಇಣುಕಿದರು.

"ಅಬ್ಬಿ, ಮುಂಬೈಯಂಗೆ ಕಲ್ತದ್" ಎಂದ ಮಂಜ. "ಈಗ ಇಲ್ಲೆ. ಬಿಟ್ಟಿದೆ. ಇದ್ ಅದ್ಕೇ ಮದ್ದ್."

"ಆ ಏಡ್ಸ್ ಕಾಯ್ಲೆ?"

"ಇಲ್ಲೆ. ಎರಡ್ ಸಲ ರಕ್ತ ಕಂಡಾಯ್ತ್."

ಅವರು ನನ್ನ ಕಡೆ ತಿರುಗಿದರು. "ಹೌದಾ ಭಟ್ರೆ?"

ನಾನು ಮಂಜನನ್ನು ನೋಡಿದೆ. ಅವನು ತಲೆಯಾಡಿಸಿದ. ನಿಯಮದ ಪ್ರಕಾರ ನನ್ನ ಬಾಯಿ ಬಿಡುಗಡೆಯಾಯಿತು. "ಹೌದಮ್ಮ, ಇಲ್ಲ. ಬರದ ಹಾಗೆ ಉಳ್ಸೋಣ."

ಮಂಜ ದೋಣಿಯ ವಿಷಯ ಹೇಳಿದ, ಮನೆಗೆ ಕೊಡುವ ಔಷಧಿಯ ವಿಷಯ ಹೇಳಿದ. "ಮನೆಯಂಗೆ ಒಬ್ರ್ ಜವಾಬ್ದಾರಿ ತಕಣ್ಕ್ ಅಂಬ್ರ್."

"ಮತ್ತ್ ಯಾರ್ ತಕಂಬುದ್? ಬೆಕ್ಕಾ?" ಎಂದರು ಪದ್ಮಾವತಿ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದವರು ಬುಟ್ಟಿಯ ಕಡೆ ನೋಡಿ ನಿಂತರು. "ಒಂದ್ ಬಂಗ್ಡೆ ಎಲ್ಲ್ ಹೋಯ್ತ್?"

ನಾನು ಅಪರಾಧಿಯಂತೆ ಬೆಕ್ಕಿನ ವಿಷಯ ತಿಳಿಸಿದೆ.

"ಕಂಡ್ಕಂಡ್ ಸುಮ್ನೆ ಕೂಕಂಡ್ರ್ಯಾ? ಬೆಕ್ಕಿನ್ ವಿಷ್ಯವೂ ಗುಟ್ಟಾ ಭಟ್ರೆ?"

ಡಾಕ್ಟರು ಅವರನ್ನು ಕೂರಿಸಿಕೊಂಡು ಎಲ್ಲ ತಿಳಿಸಿದರು: ಪುಡಿ ಹೀಗೆ ಹಾಕಬೇಕು, ಡಬ್ಬಕ್ಕೆ ಬೀಗ ಹಾಕಬೇಕು, ಕರಗುವವರೆಗೆ ಅವನು ಮಾತಾಡಬಾರದು. "ಅವ ಮಾತಾಡುಕಾಗ, ನಾನ್ ಮಾತಾಡ್ಲಕ್ಕಾ?" ಎಂದು ಅವರು ಕೇಳಿದರು. ಅಡ್ಡಿಯಿಲ್ಲ ಎಂದರು ಡಾಕ್ಟರು, ಪಾಪ, ಪರಿಣಾಮ ಗೊತ್ತಿಲ್ಲದೆ.

ಮಂಜ ದೋಣಿಗೆ ಹೋದ. ಮುಂದಿನ ಔಷಧಿಗೆ ಬಂದಾಗ ಬಿಸಿಲಿಗೆ ಕಪ್ಪಾಗಿದ್ದ, ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ದೂರು ಮಾತ್ರ ಒಂದಿತ್ತು.

"ದಿನಾ ಬೈತ್ರ್ ಸಾರ್. ಎದ್ರ್ ಮಾತಾಡುಕೂ ಇಲ್ಲೆ. ಶುರುವಿಂದ ತೆಗ್ದಿರ್. ನಿನ್ನೆ ಮೂರ್ನೇ ಕ್ಲಾಸಂಗೆ ಪೆನ್ಸಿಲ್ ಕದ್ದದ್ ಬಂತ್."

ಔಷಧಿಯ ಅಡ್ಡಪರಿಣಾಮಗಳಲ್ಲಿ ಇದು ನಮೂದಾಗಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಆದರೂ ಔಷಧಿ ಒಂದು ದಿನವೂ ತಪ್ಪಿರಲಿಲ್ಲ. ಅವನ ತಪ್ಪುಗಳ ಸರಣಿಯಲ್ಲಿ ಒಂದು ಕಂತನ್ನೂ ಪದ್ಮಾವತಿ ಬಿಟ್ಟುಕೊಡುವವರಲ್ಲ.

ಮಳೆ ನಿಂತ ಮೇಲೆ ರಜೆ ಹಾಕಿ ತಿಪಟೂರಿಗೆ ಬಂದೆ. ಬಹಳ ದಿನದ ಮೇಲೆ ಮುದ್ದೆ ಉಂಡೆ. ಸಾರಿಗೆ ಸ್ವಲ್ಪ ಕಾಯಿ ರುಬ್ಬಿ ಹಾಕಬಹುದಿತ್ತು ಎಂದು ಬಾಯಿತಪ್ಪಿ ಹೇಳಿದ್ದಕ್ಕೆ ಮನೆಯಾಕೆ ಎರಡು ಹೊತ್ತು ಮಾತು ಬಿಟ್ಟಳು. ಪೇಟೆಯಲ್ಲಿ ನಿಮ್ಮಲ್ಲೇ ಒಬ್ಬರು ನನ್ನೊಡನೆ ಮಾತಾಡುತ್ತಿದ್ದಾಗ, ವಾಕ್ಯ ಯಾವಾಗ ಮುಗಿಯುತ್ತದೋ ಎಂದು ನಾನು ಕಾಯುತ್ತಿರುವುದು ನನಗೇ ತಿಳಿದು ಗಾಬರಿಯಾಯಿತು.

ಮರುದಿನ ನಸುಕಿನಲ್ಲಿ ಫೋನು ಬಡಿದುಕೊಂಡಿತು. ಯಾರು ಹೋದರೋ ಎಂದು ಮನೆಯಾಕೆ ಎದ್ದು ಕೂತಳು.

"ಹ್ವಾಯ್ ಭಟ್ರೆ, ಏಳ್ಸಿದ್ನಾ?" ಪದ್ಮಾವತಿ. "ಮಂಜನ್ ಬಾಯಂಗೆ ಪುಡಿ ಹಾಕಿ ಆಯ್ತ್. ಬೈಯುಕಂದೇಳಿ ಕೂಕಂಡ್ರೆ ಇವತ್ತ್ ಎಂತದೂ ನೆಂಪಾತಿಲ್ಲೆ. ಹಳೆದ್ದೆಲ್ಲ ಮುಗ್ದ್ ಹೋಯ್ತ್, ಹೊಸದ್ ಅವ ಎಂತದೂ ಮಾಡುದಿಲ್ಲೆ. ನೀವೇ ಎಂತಾರೂ ಬೈನಿ. ಫೋನ್ ಅವ್ನ್ ಕೆಮಿಗ್ ಹಿಡಿತೆ."

ನಾನು ಅಂಗಳಕ್ಕೆ ಬಂದೆ. ಅತ್ತ ಕಡೆ ಮೂಗಿನಲ್ಲಿ ಉಸಿರಾಡುವ ಸದ್ದು, ಅದರ ಹಿಂದೆ ಸಮುದ್ರದ ಸದ್ದು. ಗಂಟಲು ಸರಿಮಾಡಿಕೊಂಡು ಬೈದೆ. "ಎಂತ ಮಾರಾಯ, ಮೊನ್ನೆ ಆಪಾಟಿ ನೆಗಡಿ ಇಟ್ಕಂಡು ದೋಣಿಗ್ ಹ್ವಾದದ್ ಎಂತಕೆ? ತಲೆಗೊಂದ್ ಟವಲ್ಲಾದ್ರೂ ಸುತ್ಕಣಕ್ಕೆ ಏನ್ ರೋಗ ನಿಂಗೆ? ಅಬ್ಬಿಗೆ ಒಂದ್ ಹೊಸ ಕೊಡೆ ತಂದ್‌ಕೊಡ್ಬಾರ್ದಾ?" ಹೀಗೆ ಬಾಯಿಗೆ ಬಂದದ್ದು. ಬಯ್ಯಲು ನನಗೂ ಹೆಚ್ಚೇನೂ ಸಿಗಲಿಲ್ಲ. ಸುಮ್ಮನಾದಾಗ ಅತ್ತಲಿಂದ ತಾಯಿಯ ದನಿ: "ಕರ್ಗಿತ್ ಭಟ್ರೆ, ಕಂಡೆ. ಸಾಕ್."

ತಿರುಗಿದರೆ ಹೊಸ್ತಿಲಲ್ಲಿ ಮನೆಯಾಕೆ.

"ಯಾರ್ರೀ ಅದು?"

ಹೆಸರು ಹೇಳುವಂತಿರಲಿಲ್ಲ. "ನಮ್ಮೂರೋರು" ಎಂದೆ.

"ನಮ್ಮೂರಲ್ಲಿ ಹಂಗೆ ಮಾತಾಡೋರು ಯಾರಿದಾರ್ರೀ?"

"ನಾನಿದೀನಲ್ಲ" ಎಂದೆ.